ಗಂಟೆಯಕ್ಕನ ಕಿವಿ

ಟೈಲಿಗೆ ಬಾಯಿಲ್ಲ ಎಂದವರು ಯಾರು? ಸರಿಯಾದ ಜಾಗಕ್ಕೆ ತಟ್ಟಿ ನೋಡಿ, ತಾನು ಹುಟ್ಟಿದ ಕಥೆಯನ್ನೆಲ್ಲ ಒದರಿಬಿಡುತ್ತದೆ. ಮಣ್ಣಿನ ಪುಡಿ ಹದವಾಗಿತ್ತೋ ಇಲ್ಲವೋ, ಪ್ರೆಸ್ಸಿನವನು ಮನಸ್ಸಿಟ್ಟು ಒತ್ತಿದನೋ ಕಾಟಾಚಾರಕ್ಕೆ ಒತ್ತಿದನೋ, ಭಟ್ಟಿಯೊಳಗೆ ಬೆಂದಿತೋ ಬರೀ ಬಿಸಿಯಾಗಿ ಬಂತೋ, ಎಲ್ಲವೂ ಆ ಒಂದು ಸದ್ದಿನಲ್ಲಿರುತ್ತದೆ. ಚೆನ್ನಾಗಿ ಬೆಂದದ್ದು ಠಣ್ ಎನ್ನುತ್ತದೆ, ಆಮೇಲೂ ಒಂದಿಷ್ಟು ಹೊತ್ತು ಗುಂಯ್‌ಗುಡುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಡಬ್ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಅದನ್ನು ಕೇಳುವ ಕಿವಿ ಬೇಕಲ್ಲ! ಆ ಕಾರ್ಖಾನೆಯಲ್ಲಿ ಅಂಥ ಕಿವಿ ಇದ್ದದ್ದು ಒಬ್ಬಳಿಗೇ. ಅವಳನ್ನು ಎಲ್ಲರೂ ಗಂಟೆಯಕ್ಕ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ದಿನ ಅವಳಿಗೂ ನೆನಪಾಗುತ್ತಿರಲಿಲ್ಲ.

ಭಟ್ಟಿಯ ಬಾಯಿಯಿಂದ ಟೈಲುಗಳು ಸಾಲಾಗಿ ರೋಲರಿನ ಮೇಲೆ ಉರುಳಿ ಬಂದು ತಣಿದ ಮೇಲೆ, ಕೊನೆಯಲ್ಲಿ ಕೂತಿರುವವಳು ಅವಳು. ಚಿಕ್ಕದಾದರೆ ಬೆರಳ ತುದಿಯ ಮೇಲೆ ನಿಲ್ಲಿಸಿ, ದೊಡ್ಡದಾದರೆ ಮರದ ಹಲಗೆಗೆ ಒರಗಿಸಿ, ಪುಟ್ಟ ಮರದ ಸುತ್ತಿಗೆಯಿಂದ ಒಂದು ತಟ್ಟು. ಸದ್ದು ಹಿಡಿಸಿದರೆ ಬೆನ್ನಿಗೆ ನೀಲಿ ಬಳಪದಲ್ಲಿ ಒಂದು ಗೀಟು, ಹಿಡಿಸದಿದ್ದರೆ ಪಕ್ಕದ ಒಡಕಿನ ಗುಡ್ಡೆಗೆ. ಶಂಖದಿಂದ ಬಂದರೇ ತೀರ್ಥ ಎನ್ನುವ ಹಾಗೆ, ಅವಳ ಗೀಟು ಬಿದ್ದರೇ ಅದು ಟೈಲು. ನೆಲ ಹಾಕುವ ಮೇಸ್ತ್ರಿಗಳು ಅಂಗಡಿಯಲ್ಲಿ ಟೈಲನ್ನು ಬೋರಲು ಹಾಕಿ ಆ ಗೀಟಿಗಾಗಿ ಹುಡುಕುತ್ತಿದ್ದರಂತೆ. ಈ ಮಾತು ಕೇಳಿದಾಗಲೆಲ್ಲ ಅವಳು "ಥೂ, ಹೋಗ್ರೋ" ಎಂದು ಬಯ್ದು, ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

ಹೀಗೆ ಒಬ್ಬಳ ಕಿವಿ ಗಟ್ಟಿಯಾಗಿದ್ದರಿಂದ ಉಳಿದವರ ಕೈ ಸಡಿಲವಾಯಿತು. ಮನುಷ್ಯರ ಬುದ್ಧಿಯೇ ಅಷ್ಟು. ಮಣ್ಣು ಕಲಸಿದ ನೀರನ್ನು ಬಿಸಿಗಾಳಿಗೆ ಚಿಮ್ಮಿಸಿ ಪುಡಿ ಮಾಡುವ ಧೂಳಣ್ಣ, ಪುಡಿಯಲ್ಲಿ ಎಷ್ಟು ತೇವ ಉಳಿಯಬೇಕೆಂದು ಮೊದಲೆಲ್ಲ ಮುಷ್ಟಿಯಲ್ಲಿ ಹಿಂಡಿ ನೋಡುತ್ತಿದ್ದವನು, ಈಗ "ಹೆಚ್ಚು ಕಮ್ಮಿಯಾದ್ರೆ ಅಕ್ಕ ಹಿಡೀತಾಳೆ ಬಿಡು" ಎಂದು ಬೀಡಿ ಸೇದಲು ಹೋಗುತ್ತಿದ್ದ. ಪುಡಿಯೊಳಗಿನ ಗಾಳಿ ಹೊರಹೋಗಲಿ ಎಂದು ಮೊದಲು ಮೆಲ್ಲಗೆ ಒಂದು ಸಲ, ಆಮೇಲೆ ಜೋರಾಗಿ ಒಂದು ಸಲ ಒತ್ತಬೇಕಾದ ಗುದ್ದಪ್ಪ, ಮೆಲ್ಲಗಿನದನ್ನು ಬಿಟ್ಟೇಬಿಟ್ಟ. ಗಾಳಿ ಸಿಕ್ಕಿಕೊಂಡ ಟೈಲು ಒಳಗೊಳಗೇ ಪದರು ಬಿಡುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. "ಅಕ್ಕ ಇದಾಳಲ್ಲ!" ಅಕ್ಕ ಇದ್ದಾಳೆ, ಅಕ್ಕ ನೋಡ್ಕೋತಾಳೆ, ಅಕ್ಕ ಹಿಡೀತಾಳೆ. ಇಡೀ ಕಾರ್ಖಾನೆಯ ಭಾರವನ್ನು ಒಂದು ಜೊತೆ ಕಿವಿಯ ಮೇಲೆ ಹೇರಿ ಎಲ್ಲರೂ ಹಗುರಾದರು.

ಭಟ್ಟಿ ಅವಳ ತಮ್ಮನ ಕೈಯಲ್ಲಿತ್ತು. ಅಮ್ಮ ಹೋದಾಗ ಅವನಿಗಿನ್ನೂ ಹಾಲುಹಲ್ಲು. ಕಂಕುಳಲ್ಲಿ ಎತ್ತಿಕೊಂಡು ಸಾಕಿದವಳು ಇವಳೇ. ಹೆಣ್ಣು ನೋಡಲು ಬಂದವರಿಗೆಲ್ಲ "ಇವನೂ ನನ್ನ ಜೊತೆ ಬರ್ತಾನೆ" ಎಂದಳು. ಬಂದವರು ಕಾಫಿ ಕುಡಿದು ಹೋದರು. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ದೊಡ್ಡವನಾದ ಮೇಲೆ ಇದೇ ಕಾರ್ಖಾನೆಗೆ ತಂದು ಸೇರಿಸಿದಳು, ಭಟ್ಟಿಯ ಕೆಲಸ ಕಲಿಸಲು ಹಳಬನೊಬ್ಬನ ಕಾಲು ಹಿಡಿದಳು. ಟೈಲು ಭಟ್ಟಿಗೆ ಹೋಗುವಾಗ ಮೆಲ್ಲಗೆ ಬಿಸಿಯಾಗಬೇಕು, ಇಲ್ಲದಿದ್ದರೆ ಮಣ್ಣಿನಲ್ಲಿರುವ ಕಸಕಡ್ಡಿಯ ಅಂಶ ಸುಟ್ಟು ಹೊರಹೋಗದೆ ಹೊಟ್ಟೆಯೊಳಗೆ ಕರಿಯಾಗಿ ಉಳಿಯುತ್ತದೆ. ಹೊರಬರುವಾಗ ಮೆಲ್ಲಗೆ ತಣಿಯಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ತಮ್ಮ ಇದನ್ನು ಬಾಯಿಪಾಠ ಮಾಡಿಕೊಂಡಿದ್ದ, ಚೆನ್ನಾಗಿಯೂ ಬೇಯಿಸುತ್ತಿದ್ದ. ಅವನು ಬೇಯಿಸಿದ ಮೊದಲ ಟೈಲನ್ನು ತಟ್ಟಿದ ದಿನ ಅವಳು ಅತ್ತುಬಿಟ್ಟಿದ್ದಳು.

ಕಿವಿ ಯಾವಾಗ ಕೈಕೊಟ್ಟಿತೆಂದು ಅವಳಿಗೇ ಸರಿಯಾಗಿ ಗೊತ್ತಿಲ್ಲ. ಪ್ರೆಸ್ಸಿನ ಗುದ್ದು ಆಯುಷ್ಯವಿಡೀ ಪಕ್ಕದಲ್ಲೇ ಬಡಿಯುತ್ತಿದ್ದರೆ ಯಾವ ಕಿವಿ ತಾನೇ ಉಳಿದೀತು? ಮೊದಲು ಹೋದದ್ದು ಸಣ್ಣ ಸದ್ದುಗಳು. ಕಿಟಕಿಯ ಗುಬ್ಬಚ್ಚಿ ಬಾಯಿ ತೆರೆಯುತ್ತಿತ್ತು, ಸದ್ದಿಲ್ಲ. ಒಲೆಯ ಮೇಲೆ ಕುಕ್ಕರು ಕೂಗಿ ಕೂಗಿ ಸಾಕಾಗಿ ತಳ ಹಿಡಿಯಿತು, ಇವಳು ಪಕ್ಕದಲ್ಲೇ ತರಕಾರಿ ಹೆಚ್ಚುತ್ತಾ ಕೂತಿದ್ದಳು. ಮಾತು ಕೇಳುತ್ತಿತ್ತು. ಎದುರಿಗೆ ನಿಂತು ತುಟಿ ತೋರಿಸಿ ಆಡಿದರೆ ಏನೂ ತೊಂದರೆಯಿಲ್ಲ. ಅಲ್ಲದೆ ಕಾರ್ಖಾನೆಯಲ್ಲಿ ಮೆಲ್ಲಗೆ ಮಾತಾಡುವವರು ಯಾರಿದ್ದಾರೆ? ಆದರೆ ಒಂದು ದಿನ ಟೈಲು ತಟ್ಟಿದಾಗ ಆ ಠಣ್ ಬರಲೇ ಇಲ್ಲ. ಇನ್ನೊಂದನ್ನು ತಟ್ಟಿದಳು, ಮತ್ತೊಂದನ್ನು ತಟ್ಟಿದಳು. ಎಲ್ಲವೂ ಡಬ್. ಅಷ್ಟೂ ಟೈಲು ಒಡಕಾಗಿರಲು ಸಾಧ್ಯವಿಲ್ಲ ಎಂದು ಗೊತ್ತಾದಾಗ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡಳು.

ಹೇಳಿಬಿಡಬಹುದಿತ್ತು. ಹೇಳಿದರೆ ಏನಾಗುತ್ತಿತ್ತು? ಪೆಟ್ಟಿಗೆ ಕಟ್ಟುವ ಕಡೆ ಹಾಕುತ್ತಿದ್ದರು, ಇಲ್ಲವೇ ಮನೆಗೆ ಕಳಿಸುತ್ತಿದ್ದರು. ತಮ್ಮನ ಹೆಂಡತಿ ಒಳ್ಳೆಯವಳೇ, ಒಂದು ತಟ್ಟೆ ಊಟ ಹಾಕುತ್ತಿದ್ದಳು. ಆದರೆ ಗಂಟೆಯಕ್ಕ ಎಂಬುವಳು ಎಲ್ಲಿ ಹೋಗಬೇಕು? ಅದೊಂದನ್ನು ಬಿಟ್ಟು ಅವಳಿಗೆ ಬೇರೆ ಏನಿತ್ತು? ಹೇಳಲಿಲ್ಲ. ಕಣ್ಣಿಗೆ ಕಾಣುವ ಸೊಟ್ಟ, ತೂತು, ಕಲೆ ಇವನ್ನೆಲ್ಲ ಎತ್ತಿ ಹಾಕಿದಳು. ಬೆರಳಿಗೆ ನಡುಕ ಗೊತ್ತಾಗುತ್ತದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡಳು. ಯಾರಿಗೂ ಅನುಮಾನ ಬಾರದಿರಲಿ ಎಂದು ಆಗಾಗ ಒಂದು ಟೈಲನ್ನು ತಟ್ಟಿ, ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ತಟ್ಟಿ, ಒಡಕಿನ ಗುಡ್ಡೆಗೆ ಎಸೆಯುತ್ತಿದ್ದಳು. ಯಾವುದನ್ನು ಎಸೆದೆ, ಯಾಕೆ ಎಸೆದೆ ಎಂದು ಕೇಳಿದ್ದರೆ ದೇವರಾಣೆಗೂ ಅವಳಲ್ಲಿ ಉತ್ತರವಿರಲಿಲ್ಲ.

ಹೀಗಿರುವಾಗ ಆಸ್ಪತ್ರೆಯ ಕೆಲಸ ಬಂತು. ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಮೇಲಂತಸ್ತಿನಲ್ಲಿ ಒಂದು ಸೇತುವೆಯಂಥ ಹಾದಿ. ಅದರ ನೆಲದಡಿಯಲ್ಲಿ ಬಿಸಿನೀರು, ತಣ್ಣೀರು, ರೋಗಿಗಳ ಉಸಿರಿಗೆ ಆಕ್ಸಿಜನ್ ಅಂತ ಹತ್ತಾರು ಪೈಪು ಹೋಗಬೇಕು. ಹಾಗಾಗಿ ಟೈಲುಗಳನ್ನು ಗಾರೆಯ ಮೇಲೆ ಕೂರಿಸುವುದಿಲ್ಲ. ಕಬ್ಬಿಣದ ಗಿಡ್ಡ ಕಾಲುಗಳ ಮೇಲೆ ನಾಲ್ಕು ಮೂಲೆ ಇಟ್ಟು, ಕೆಳಗೆ ತೊಡೆ ಮುಳುಗುವಷ್ಟು ಟೊಳ್ಳು ಬಿಡುತ್ತಾರೆ. ಅದಕ್ಕೆಂದು ದಪ್ಪನೆಯ, ಅಗಲವಾದ ಟೈಲು ಬೇಕಿತ್ತು. ದಪ್ಪ ಟೈಲಿಗೆ ಭಟ್ಟಿಯಲ್ಲಿ ಹೆಚ್ಚು ಹೊತ್ತು ಬೇಕು, ಬಿಸಿಯಾಗುವುದಕ್ಕೂ ತಣಿಯುವುದಕ್ಕೂ. ಮೇನೇಜರು ಬಂದು ತಮ್ಮನ ಭುಜದ ಮೇಲೆ ಕೈಯಿಟ್ಟು ಹೋದ ಮರುದಿನದಿಂದ ಆ ದಪ್ಪ ಟೈಲುಗಳು ತೆಳು ಟೈಲುಗಳಿಗಿಂತ ಜೋರಾಗಿ ಉರುಳಿ ಬಂದವು. ನೋಡಲು ಕಣ್ಣು ಕುಕ್ಕುವ ಹೊಳಪು, ಸೊಟ್ಟವಿಲ್ಲ, ಕಲೆಯಿಲ್ಲ. ಅವಳು ತಟ್ಟಿದಳು, ಗೀಟೆಳೆದಳು, ತಟ್ಟಿದಳು, ಗೀಟೆಳೆದಳು. ಲಾರಿಗಳು ತುಂಬಿ ಹೋದವು.

ಕೊನೆಯ ಲಾರಿ ಹೋಗಿ ಕೆಲವು ದಿನವಾಗಿತ್ತು. ಮಿಕ್ಕಿದ್ದ ಟೈಲುಗಳನ್ನು ಗೋಡೆಗೆ ಒರಗಿಸಿಡೋಣ ಎಂದು ಬೆಳಿಗ್ಗೆ ಅವಳು ಒಂದನ್ನು ಎತ್ತಿದಳು. ಅದು ಕೈಯಲ್ಲೇ ಎರಡಾಯಿತು. ತಾಕಿಸಿಲ್ಲ, ಬೀಳಿಸಿಲ್ಲ, ಸುಮ್ಮನೆ ಎತ್ತಿದ್ದಷ್ಟೇ. ಒಂದು ತುಂಡು ಅವಳ ಕಾಲ್ಬೆರಳ ಪಕ್ಕಕ್ಕೆ ಬಿತ್ತು, ಇನ್ನೊಂದು ಕೈಯಲ್ಲಿ ಉಳಿಯಿತು. ಸೀಳಿದ ಅಂಚನ್ನು ಹೆಬ್ಬೆರಳಿಂದ ಸವರಿದಳು, ರಕ್ತ ಬಂತು. ಬಿಸಿಯಾಗುವಾಗ ಸೀಳಿದ್ದರೆ ಮೇಲಿನ ಹೊಳಪಿನ ಲೇಪ ಕರಗಿ ಅಂಚು ಮೊಂಡಾಗಿರುತ್ತಿತ್ತು. ಇದು ಬ್ಲೇಡಿನ ಹಾಗಿತ್ತು, ಅಂದರೆ ತಣಿಯುವಾಗ ಸೀಳಿದ್ದು. ಮೇಲೆ ಏನೇನೂ ಕಾಣದ ಹಾಗೆ ಸೀಳಿಕೊಂಡು ಸುಮ್ಮನೆ ಕೂತಿತ್ತು. ಒಡೆದ ಮೈಯ ನಡುವೆ ಹಳಸಿದ ರೊಟ್ಟಿಯ ಹಾಗೆ ಕಪ್ಪು ಪದರು.

ದೊಡ್ಡ ಸುತ್ತಿಗೆ ತಂದಳು. ಮಿಕ್ಕಿದ್ದ ಟೈಲುಗಳನ್ನು ಒಂದೊಂದಾಗಿ ಒಡೆದಳು. ಪೆಟ್ಟಿಗೆ ಕಟ್ಟುವವರು ಕೆಲಸ ನಿಲ್ಲಿಸಿ ನೋಡಿದರು. ಒಳ್ಳೆಯ ಟೈಲು ಜಪ್ಪಯ್ಯ ಎಂದರೂ ಒಡೆಯದೆ ಎರಡು ಮೂರು ಏಟು ತಿನ್ನುತ್ತಿತ್ತು. ಕೆಟ್ಟದ್ದು ಮೊದಲ ಏಟಿಗೇ ಹೋಳು, ನಡುವೆ ಅದೇ ಕಪ್ಪು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರನೂ ನಿಮಿಷದಲ್ಲೇ ಮುಗಿಸಿದ್ದ. ತುಂಡುಗಳ ನಡುವೆ ನಿಂತು ಅವಳು ಏದುಸಿರು ಬಿಟ್ಟಳು. ಅದೇ ಲಾಟಿನ ಟೈಲುಗಳು ಆಸ್ಪತ್ರೆಯ ಹಾದಿಯಲ್ಲಿ ಕಬ್ಬಿಣದ ಕಾಲಿನ ಮೇಲೆ ಕೂತಿವೆ. ಇವತ್ತು ಮಧ್ಯಾಹ್ನ ಹಳೇ ಕಟ್ಟಡದ ರೋಗಿಗಳನ್ನೆಲ್ಲ ಮಂಚದ ಸಮೇತ ಅದರ ಮೇಲೆ ತಳ್ಳಿಕೊಂಡು ಹೋಗುತ್ತಾರೆಂದು ಲಾರಿಯವನು ಹೇಳಿದ್ದ. ಬಾಣಂತಿಯರು, ಆಪರೇಷನ್ ಆದವರು, ಊರುಗೋಲಿನವರು.

ತುಂಡನ್ನು ಎದೆಗವಚಿಕೊಂಡು ಭಟ್ಟಿಯ ಕಡೆ ಓಡಿದಳು.

"ಲೇ ತಮ್ಮಾ, ಭಟ್ಟಿ ನಿಲ್ಸೋ!"

"ಏನಕ್ಕಾ ಬೆಳ್‌ಬೆಳಿಗ್ಗೆ? ಭಟ್ಟಿ ಅಂದ್ರೆ ಫ್ಯಾನಾ, ಸ್ವಿಚ್ ಒತ್ತಿ ನಿಲ್ಸೋಕೆ?" ಅವನು ಬೆವರು ಒರೆಸಿಕೊಳ್ಳುತ್ತಾ ನಕ್ಕ.

ಅವಳು ತುಂಡನ್ನು ಅವನ ಮೂಗಿಗೆ ಹಿಡಿದಳು. "ಅಂಚು ಮುಟ್ಟು. ಹೊಟ್ಟೆ ನೋಡು, ಹೆಂಗ್ ಕಪ್ಪಾಗಿದೆ."

ಅವನು ನೋಡಿದ. ಮುಟ್ಟಲಿಲ್ಲ. "ಒಂದೆರಡು ಹಂಗೇ ಬರ್ತಾವಕ್ಕ."

"ಒಂದೆರಡಲ್ಲ ಕಣೋ. ಒಡೆದು ನೋಡ್ದೆ. ಬೇಕಾದಷ್ಟಿದಾವೆ. ಅದೇ ಲಾಟು ಆಸ್ಪತ್ರೆಗೆ ಹೋಗಿದೆ."

"ನೀನು ಗೀಟು ಹಾಕಿದ್ಯಲ್ಲ, ಇನ್ನೇನು?"

ಈಗ ಹೇಳದೆ ವಿಧಿಯಿರಲಿಲ್ಲ. ಅವನ ತೋಳು ಹಿಡಿದು ಭಟ್ಟಿಯ ಹಿಂದಿನ ಗೋಡೆಯ ಕಡೆ ಎಳೆದುಕೊಂಡು ಹೋದಳು. "ನನಗೆ ಕಿವಿ ಕೇಳಲ್ಲ ಕಣೋ. ಮಾತು ಕೇಳುತ್ತೆ, ಟೈಲು ಕೇಳಲ್ಲ. ತುಂಬಾ ದಿನ ಆಯ್ತು. ನಿನಗೂ ಹೇಳ್ಲಿಲ್ಲ. ಎಲ್ಲರ ಕಿವಿಗೂ ಹೂ ಇಟ್ಕೊಂಡು ಕೂತಿದ್ದೆ. ನಿನ್ನ ಭಟ್ಟೀಲಿ ಹೆಚ್ಚು ಕಮ್ಮಿಯಾಗಿದ್ದು ನನಗೆ ಗೊತ್ತೇ ಆಗ್ಲಿಲ್ಲ. ತಪ್ಪು ನಂದು. ಬಯ್ಯಿ, ಹೊಡಿ, ಏನಾದ್ರೂ ಮಾಡು. ಆ ಟೈಲು ಮಾತ್ರ ವಾಪಸ್ ತರ್ಸು."

ತಮ್ಮ ಬಯ್ಯಲಿಲ್ಲ. ಬೆಚ್ಚಿ ಬೀಳಲೂ ಇಲ್ಲ. ನೆಲ ನೋಡಿಕೊಂಡು ಏನೋ ಅಂದ. ಅವಳಿಗೆ ತುಟಿ ಕಾಣಲಿಲ್ಲ. ಗದ್ದ ಹಿಡಿದು ಮುಖ ಮೇಲೆತ್ತಿದಳು, ಚಿಕ್ಕಂದಿನಲ್ಲಿ ಎತ್ತುತ್ತಿದ್ದ ಹಾಗೆ.

"ಗೊತ್ತು ಅಂದೆ."

"ಏನ್ ಗೊತ್ತು?"

"ನಿನಗೆ ಕೇಳಲ್ಲ ಅಂತ. ಒಂದಿನ ನಿನ್ನ ಹಿಂದೇನೇ ನಿಂತಿದ್ದೆ. ನೀನು ಚೆನ್ನಾಗಿರೋದನ್ನ ಗುಡ್ಡೆಗೆ ಎಸೆದೆ, ಡಬ್ ಅಂದಿದ್ದಕ್ಕೆ ಗೀಟು ಹಾಕ್ದೆ. ನಾನು ಅಕ್ಕಾ ಅಂತ ಕೂಗ್ದೆ. ನೀನು ತಿರುಗ್ಲಿಲ್ಲ."

"ಮತ್ತೆ ಯಾಕೆ ಸುಮ್ನಿದ್ದೆ?"

"ನಿನ್ನ ಕೆಲಸ ಹೋಗ್ಬಾರ್ದು ಅಂತ. ಇನ್ನೇನಕ್ಕೆ?"

ಸಾಕಿದ್ದಕ್ಕೆ ಸಾರ್ಥಕ ಎಂದುಕೊಂಡಳು. ಆದರೆ ಲೆಕ್ಕ ಎಲ್ಲೋ ತಪ್ಪುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ?

"ಇದು ಗೊತ್ತಾದ ಮೇಲೆ ಭಟ್ಟಿ ಜೋರು ಮಾಡಿದ್ಯಾ?"

ಅವನು ಭಟ್ಟಿಯ ಕಡೆ ಮುಖ ತಿರುಗಿಸಿದ.

"ಹೇಳೋ. ನಾನು ಕಿವುಡಿ ಅಂತ ಗೊತ್ತಿದ್ದೂ ಜೋರು ಮಾಡಿದ್ಯಾ?"

"ಮೇನೇಜರು ಮಾಡು ಅಂದ್ರು. ಅವರಿಗೂ ಗೊತ್ತು. ನಾನೇ ಹೇಳಿದ್ದೆ, ಅಕ್ಕನ್ನ ತೆಗೀಬೇಡಿ, ಪಾಪ ಅಂತ. ಅವರು ನಕ್ಕರು. ತೆಗೆಯೋದ್ಯಾಕೆ, ಅವರು ಇರೋದೇ ಒಳ್ಳೇದು ಅಂದ್ರು." ಆಮೇಲೆ ಗಡಿಬಿಡಿಯಲ್ಲಿ ಸೇರಿಸಿದ, "ಏನೂ ಆಗಲ್ಲ ಅಕ್ಕ. ದಪ್ಪ ಟೈಲು ಅದು. ಆನೆ ನಡೆದ್ರೂ ಏನೂ ಆಗಲ್ಲ."

ಇಷ್ಟು ದಿನ ತಾನು ಕಳ್ಳಿ, ಉಳಿದವರು ಮೋಸ ಹೋದವರು ಎಂದುಕೊಂಡು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದಳು. ನೋಡಿದರೆ ಬಾಗಿಲಿಗೆ ಕುರುಡ ಕಾವಲುಗಾರನನ್ನು ಬೇಕೆಂದೇ ಕೂರಿಸಿದ್ದರು. ಅವಳ ಕಿವಿಗಿಂತ ಅವಳ ಕಿವುಡು ಅವರಿಗೆ ಹೆಚ್ಚು ಕೆಲಸಕ್ಕೆ ಬಂದಿತ್ತು. ನಾಚಿಕೆ, ಸಿಟ್ಟು, ದುಃಖ ಮೂರೂ ಒಟ್ಟಿಗೆ ನುಗ್ಗಿದವು. ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬಂದಂತೆ ಬಯ್ದು ಹಗುರಾಗುತ್ತಿದ್ದಳು. ಇವನನ್ನು ಏನೆಂದು ಬಯ್ಯುವುದು?

ಮೇನೇಜರ ಕೋಣೆಗೆ ಹೋದಳು. ಅವರು ಎದ್ದು ಕುರ್ಚಿ ಎಳೆದರು, ನೀರು ತರಿಸಿದರು, ಬಲು ಮರ್ಯಾದೆ.

"ಕೂತ್ಕೊಳ್ಳಿ ಅಕ್ಕ. ಆಯ್ತು, ಒಂದಷ್ಟು ಬಿರುಕಿದೆ ಅಂತಾನೇ ಇಟ್ಕೊಳ್ಳೋಣ. ಪ್ರತಿ ಟೈಲಿನ ಬೆನ್ನ ಮೇಲೂ ಯಾರ ಗೀಟಿದೆ? ನಂದಲ್ಲ. ಬೇಯಿಸಿದ್ದು ಯಾರು? ನಾನಲ್ಲ. ನೀವು ಹೋಗಿ ಕೂಗಾಡಿದ್ರೆ ಮೊದಲು ಸಿಕ್ಕೋದು ನಿಮ್ಮ ಕುತ್ತಿಗೆ, ಆಮೇಲೆ ನಿಮ್ಮ ತಮ್ಮಂದು. ಅವನಿಗೆ ಸಣ್ಣ ಸಣ್ಣ ಮಕ್ಕಳಿದಾವೆ ಅಲ್ವಾ?"

"ಮಂಚ ಹೋಗುತ್ತಂತೆ ಸಾರ್ ಅದರ ಮೇಲೆ. ಬಾಣಂತಿಯರು ಹೋಗ್ತಾರಂತೆ."

"ಹೋಗ್ಲಿ ಬಿಡಿ. ನೆಲ ಇರೋದೇ ನಡೆಯೋಕೆ."

ಗೋರ್ಕಲ್ಲಿನ ಮೇಲೆ ಮಳೆ ಹೊಯ್ದರೆ ಏನು ಬಂತು? ಎದ್ದು ಬಂದಳು. ಅತ್ತ ಹೋದರೆ ತಮ್ಮನ ಕುತ್ತಿಗೆ, ಇತ್ತ ಉಳಿದರೆ ಯಾರದೋ ಮನೆಯ ಬಾಣಂತಿ. ಗೇಟಿನವರೆಗೆ ಹೋಗುವಷ್ಟರಲ್ಲಿ ಎರಡು ಸಲ ನಿಂತಳು, ಎರಡು ಸಲ ಹಿಂದೆ ತಿರುಗಿ ನೋಡಿದಳು. ಆಮೇಲೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಡಿಲಲ್ಲಿದ್ದ ಆ ಕಪ್ಪು ಹೊಟ್ಟೆಯ ತುಂಡನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆಸ್ಪತ್ರೆಯ ಮೇಲಂತಸ್ತಿನಲ್ಲಿ ಹಾದಿ ಮದುವೆಮನೆಯ ಹಾಗೆ ಥಳಥಳಿಸುತ್ತಿತ್ತು. ಎರಡೂ ಬದಿಗೆ ಗಾಜು, ಕೈಹಿಡಿಕೆ, ನಡುವೆ ಅವಳು ಗೀಟೆಳೆದ ಟೈಲುಗಳು. ಆ ಕೊನೆಯಲ್ಲಿ ಚಕ್ರದ ಮಂಚಗಳು ಆಗಲೇ ಸಾಲುಗಟ್ಟಿದ್ದವು, ಮುಂದೆ ಒಬ್ಬ ದಪ್ಪ ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನೆಲ ಹಾಕಿದ ಮೇಸ್ತ್ರಿ ಅಂಚಿನ ಅಂಟು ಒರೆಸುತ್ತಾ ಕೂತಿದ್ದ. ಇವಳು ತಾನು ಯಾರೆಂದು ಹೇಳಿದಾಗ ಅವನು ಎದ್ದು ಕೈಮುಗಿದ.

"ನೀವೇನಾ ಅಮ್ಮ ಆ ಗಂಟೆಯಕ್ಕ? ನಿಮ್ಮ ಗೀಟು ನೋಡಿನೇ ನಾನು ಒಂದೂ ತಟ್ಟದೆ ಕೂರ್ಸಿದ್ದು!"

"ಅದೇ ಆಗಿದ್ದು ತಪ್ಪು. ಕಿತ್ತು ಹಾಕಪ್ಪ. ಎಲ್ಲಾನೂ ಕೀಳು. ಒಳಗೆ ಬಿರುಕಿದೆ." ತುಂಡನ್ನು ತೋರಿಸಿದಳು, ಕಿವಿ ಹೋದದ್ದನ್ನು ಹೇಳಿದಳು, ಭಟ್ಟಿ ಜೋರು ಮಾಡಿದ್ದನ್ನು ಹೇಳಿದಳು.

ಮೇಸ್ತ್ರಿ ಕೆನ್ನೆ ಕೆರೆದುಕೊಂಡ. "ಯಾವುದು ಕೆಟ್ಟದ್ದು ತೋರ್ಸಿ, ಈಗ್ಲೇ ಕೀಳ್ತೀನಿ."

ಅದನ್ನೇ ತೋರಿಸಲಾಗುತ್ತಿದ್ದರೆ ಅವಳೇಕೆ ಇಲ್ಲಿ ಹೀಗೆ ನಿಲ್ಲುತ್ತಿದ್ದಳು? ಈಗ ಒಳ್ಳೆಯ ಕಿವಿಯಿದ್ದರೂ ಪ್ರಯೋಜನವಿರಲಿಲ್ಲ. ನಾಲ್ಕು ಮೂಲೆಗೂ ಕೆಳಗೆ ರಬ್ಬರು, ಸುತ್ತ ಅಂಟು. ಹಾಗೆ ಬಿಗಿದ ಮೇಲೆ ಒಳ್ಳೆಯದೂ ಡಬ್, ಕೆಟ್ಟದ್ದೂ ಡಬ್. ಮೇಸ್ತ್ರಿಯೇ ನಾಲ್ಕು ಕಡೆ ತಟ್ಟಿ ನೋಡಿ ತಲೆಯಾಡಿಸಿದ. "ಹೊರಗೆ ತೆಗೆದ್ರೇನೇ ಗೊತ್ತಾಗೋದು. ಆದ್ರೆ ಒಬ್ಬರ ಮಾತಿಗೆ ಇಷ್ಟೂ ನೆಲ ಹೆಂಗಮ್ಮ ಅಗೀಲಿ? ಅಲ್ಲಿ ಮಂಚ ಕಾಯ್ತಾ ಇದಾವೆ. ನಿಮ್ಮ ಕಾರ್ಖಾನೆಯಿಂದ ಬರೆದುಕೊಡ್ಲಿ, ನೋಡೋಣ."

"ಯಾರು ಆಯಮ್ಮ? ದಾರಿ ಬಿಡ್ಸಿ!" ಎಂದು ಆ ಕೊನೆಯಿಂದ ನರ್ಸಮ್ಮ ಕೂಗಿದಳು.

ಗಂಟೆಯಕ್ಕ ಸುತ್ತ ನೋಡಿದಳು. ಗೋಡೆಯ ಹತ್ತಿರ ಮಿಕ್ಕ ಟೈಲುಗಳ ಒಂದು ಪೆಟ್ಟಿಗೆಯಿತ್ತು. ಚಪ್ಪಲಿ ಬಿಟ್ಟಳು. ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಅವಚಿ ಎತ್ತಿಕೊಂಡಳು. ಬೆನ್ನು ಕಳಕ್ಕೆಂದಿತು. ಜೀವಮಾನವಿಡೀ ಇಂಥವನ್ನೇ ಎತ್ತಿದ ಬೆನ್ನು, ತಡೆದುಕೊಂಡಿತು. ಮೊದಲನೆಯ ಟೈಲಿನ ನಟ್ಟನಡುವೆ ನಿಂತು, ಹಿಮ್ಮಡಿ ಎತ್ತಿ, ಮೈಭಾರವನ್ನೆಲ್ಲ ಬಿಟ್ಟು ಧೊಪ್ಪನೆ ಅಪ್ಪಳಿಸಿದಳು. ಟೈಲು ಗಟ್ಟಿಯಾಗಿತ್ತು. ಪಕ್ಕದ್ದಕ್ಕೆ ದಾಟಿದಳು, ಅಪ್ಪಳಿಸಿದಳು. ಅದೂ ಗಟ್ಟಿ.

"ಅಮ್ಮಾ, ಏನ್ ಮಾಡ್ತಿದೀರ? ತಲೆ ನೆಟ್ಟಗಿದೆಯಾ?"

ಅವಳು ತಿರುಗಲಿಲ್ಲ. ಮಂಚದ ಮೇಲಿದ್ದ ರೋಗಿಗಳೂ ಕತ್ತೆತ್ತಿ ನೋಡಿದರು. ಯಾರೋ ನಕ್ಕರು. ಇನ್ಯಾರೋ "ಮೈಮೇಲೆ ಬಂದಿರಬೇಕು" ಎಂದರು. ಮುದುಕಿಯೊಬ್ಬಳು ಪೆಟ್ಟಿಗೆ ಅಪ್ಪಿಕೊಂಡು ಹೊಳೆಯುವ ನೆಲದ ಮೇಲೆ ಕುಣಿಯುತ್ತಿದ್ದರೆ ನಗದೆ ಇರುವವರಾರು? ಒಂದೊಂದು ಟೈಲು ಗಟ್ಟಿ ನಿಂತಾಗಲೂ ಅವಳ ಜೀವ ಹಿಂಡುತ್ತಿತ್ತು. ಕೆಟ್ಟದ್ದೇ ಇಲ್ಲವೇನೋ, ಎಲ್ಲ ತನ್ನ ಭ್ರಮೆಯೇನೋ ಎನ್ನುವ ಆಸೆ ಒಂದು ಕಡೆ. ಕೆಟ್ಟದ್ದು ಈಗ ಉಳಿದು ಮಂಚದ ಕೆಳಗೆ ಒಡೆದರೆ ಎನ್ನುವ ಭಯ ಇನ್ನೊಂದು ಕಡೆ. ಮಂಡಿ ಬಿದ್ದುಹೋಗುವಂತೆ ನೋಯುತ್ತಿತ್ತು. "ಒಡೆಯೇ ಹಾಳಾದವಳೇ, ನನ್ನ ಕಾಲಡೀಲೇ ಒಡೆಯೇ" ಎಂದು ಟೈಲಿಗೆ ಬೈಯುತ್ತಾ ಅಪ್ಪಳಿಸಿದಳು.

ಹಾದಿಯ ನಡುಮಧ್ಯದಲ್ಲಿ ಅದು ಒಡೆಯಿತು. ಸದ್ದು ಅವಳಿಗೆ ಕೇಳಲಿಲ್ಲ. ಎಡಗಾಲು ತೊಡೆಯವರೆಗೆ ಒಳಗಿಳಿದು, ಕೆಳಗಿನ ಪೈಪಿನ ಮೇಲೆ ಮೊಣಕಾಲ ಕೆಳಗಿನ ಮೂಳೆ ಮುರಿದದ್ದು ಮಾತ್ರ ಸೊಂಟದವರೆಗೆ ಗೊತ್ತಾಯಿತು. ಪೆಟ್ಟಿಗೆ ಜಾರಿ ಚೆಲ್ಲಾಪಿಲ್ಲಿಯಾಯಿತು. ಒಡೆದ ಅಂಚು ತೊಡೆಯನ್ನು ಸೀಳಿತ್ತು. ಕಣ್ಣು ಕತ್ತಲಿಟ್ಟಿತು.

ಮೇಸ್ತ್ರಿ ಓಡಿ ಬಂದ, ಹಿಂದೆ ಇಬ್ಬರು ಕೆಲಸದವರು. ಸೀದಾ ಟೈಲುಗಳ ಮೇಲೇ ಓಡಿ ಬಂದು ಪಕ್ಕದಲ್ಲಿ ಕುಕ್ಕರಿಸಿದರು. "ಅಯ್ಯೋ ಅಮ್ಮಾ, ಅಯ್ಯೋ! ಅಲ್ಲಾಡ್ಬೇಡಿ."

"ಸಿಕ್ತು," ಎಂದಳು ಹಲ್ಲು ಕಚ್ಚಿಕೊಂಡು. "ನೋಡಿದ್ಯಾ? ಸಿಕ್ತು. ಇನ್ನೂ ಇದಾವೆ. ಕೀಳಪ್ಪ ಎಲ್ಲಾನೂ."

ಮೇಸ್ತ್ರಿ ಒಡೆದ ತುಂಡನ್ನು ತಿರುಗಿಸಿ ನೋಡಿದ. ಕಪ್ಪು ಅವನಿಗೂ ಕಂಡಿತು. ಒಂದು ಗಳಿಗೆ ಅನುಮಾನಿಸಿದ. ಆಮೇಲೆ ಮಂಚಗಳ ಕಡೆ ನೋಡಿ ಗಟ್ಟಿಯಾಗಿ, ಅವಳಿಗೆ ಕೇಳಲಿ ಎಂದು ಒಂದೊಂದೇ ಮಾತಾಗಿ ಹೇಳಿದ, "ಎಷ್ಟು ಒಳ್ಳೇ ಲಾಟಾದ್ರೂ ಒಂದು ಕೆಟ್ಟದ್ದು ಇದ್ದೇ ಇರುತ್ತಮ್ಮ. ಪೆಟ್ಟಿಗೆ ಹೊತ್ಕೊಂಡು ಕುಣಿದ್ರೆ ಕಲ್ಲೂ ಒಡೆಯುತ್ತೆ. ಇದೊಂದು ಬದಲಾಯ್ಸಿ ಬಿಡ್ತೀನಿ. ನೀವು ಸುಮ್ನಿರಿ, ಮೊದ್ಲು ನಿಮ್ಮ ಕಾಲು ನೋಡೋಣ."

ಆಗ ಅವಳು ಅತ್ತಳು. ನೋವಿಗೆ ಅಳಲಿಲ್ಲ. ಕಾಲು ಕೊಟ್ಟರೂ ಸಾಲಲಿಲ್ಲವಲ್ಲ, ಇನ್ನೊಂದು ಕಾಲಿಗೆ ಕುಣಿಯುವ ಶಕ್ತಿಯಿಲ್ಲವಲ್ಲ ಎಂದು ಬಾಯಿ ಬಿಟ್ಟು ಅತ್ತಳು. ಇನ್ನೇನು ಅವಳನ್ನು ಎತ್ತಿ ಪಕ್ಕಕ್ಕಿಡುತ್ತಾರೆ, ಹೊಸ ಟೈಲು ಕೂರಿಸುತ್ತಾರೆ, ಮಂಚ ಬರುತ್ತದೆ.

ಮೆಟ್ಟಿಲ ಕಡೆಯಿಂದ ತಮ್ಮ ಬಂದ. ಅವಳು ಗೇಟು ದಾಟಿದ್ದನ್ನು ಯಾರೋ ಹೇಳಿರಬೇಕು, ಭಟ್ಟಿಯ ಬಟ್ಟೆಯಲ್ಲೇ ಬಂದಿದ್ದ. ನೆಲದಲ್ಲಿ ಅರ್ಧ ಹೂತ ಅಕ್ಕನನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು. "ಅಕ್ಕಾ!" ಎಂದು ಕಿರುಚಿದ್ದು ಅವಳಿಗೂ ಕೇಳಿಸಿತು. ಜೀವ ಬಿಟ್ಟು ಓಡಿ ಬಂದ. ಬಂದವನು ಮೊದಲ ಟೈಲಿನ ಹತ್ತಿರ ಗಕ್ಕನೆ ನಿಂತ.

ಅತ್ತಿತ್ತ ನೋಡಿದ. ಗಾಜಿನ ಬುಡದಲ್ಲಿ ಕೈಹಿಡಿಕೆಯ ಉದ್ದಕ್ಕೂ ಒಂದು ಪಾದ ಅಗಲದ ಕಬ್ಬಿಣದ ಪಟ್ಟಿಯಿತ್ತು. ಅದರ ಮೇಲೆ ಕಾಲಿಟ್ಟ. ಕೈಹಿಡಿಕೆಯನ್ನು ಎರಡು ಕೈಯಲ್ಲೂ ಬಿಗಿದು ಹಿಡಿದು, ಗಾಜಿಗೆ ಎದೆ ಒತ್ತಿ, ಒಂದೊಂದೇ ಹೆಜ್ಜೆ ಅಡ್ಡಡ್ಡ ಸರಿಸುತ್ತಾ ಬರತೊಡಗಿದ. ಅಳುತ್ತಿದ್ದ, ಅಕ್ಕಾ ಅಕ್ಕಾ ಅನ್ನುತ್ತಿದ್ದ, ಆದರೆ ಕಣ್ಣು ಮಾತ್ರ ತನ್ನ ಕಾಲಿನ ಮೇಲೇ ಇತ್ತು.

"ಯಾರಮ್ಮ ಅದು?" ಎಂದ ಮೇಸ್ತ್ರಿ.

"ನನ್ನ ತಮ್ಮ. ಈ ಟೈಲೆಲ್ಲ ಬೇಯಿಸಿದ್ದು ಅವನೇ."

ಮೇಸ್ತ್ರಿ ಕೈಯಲ್ಲಿದ್ದ ತುಂಡನ್ನೂ ತಮ್ಮನನ್ನೂ ನೋಡಿದ. ಕೆಲಸದವರೂ ನೋಡಿದರು, ಆ ಕೊನೆಯಲ್ಲಿ ನರ್ಸಮ್ಮನೂ ಸೊಂಟದ ಮೇಲಿಂದ ಕೈ ಇಳಿಸಿ ನೋಡಿದಳು. ತಮ್ಮ ಅವಳ ನೇರಕ್ಕೆ ಬಂದು ನಿಂತ. ಅವನಿಗೂ ಅವಳಿಗೂ ನಡುವೆ ಇದ್ದದ್ದು ಒಂದೇ ಒಂದು ಟೈಲು.

"ಬಾರೋ," ಎಂದಳು ಅಕ್ಕ. ಕೈ ಚಾಚಿದಳು. "ಏನೂ ಆಗಲ್ಲ ಅಂದ್ಯಲ್ಲ. ಬಾ, ನನ್ನನ್ನ ಎತ್ಕೋ."

ಅವನು ಒಂದು ಕಾಲು ಎತ್ತಿದ. ಪಾದ ಟೈಲಿನ ಮೇಲೆ ಬಂತು, ಮುಟ್ಟಲಿಲ್ಲ, ಅಲ್ಲೇ ನಡುಗಿತು. ಅಕ್ಕನ ಮುಖ ನೋಡಿದ. ಕಾಲನ್ನು ಮತ್ತೆ ಕಬ್ಬಿಣದ ಮೇಲೇ ಇಟ್ಟುಕೊಂಡು, ಕೈಹಿಡಿಕೆಗೆ ಹಣೆ ಹಚ್ಚಿ ಬಿಕ್ಕಳಿಸಿದ.

ಮೇಸ್ತ್ರಿ ತಾನು ಕುಕ್ಕರಿಸಿದ್ದ ಟೈಲನ್ನು ನೋಡಿಕೊಂಡ. ಮೆಲ್ಲಗೆ ಎದ್ದು, ಮೆಲ್ಲಗೆ ಸರಿದು, ಅವನೂ ಕಬ್ಬಿಣದ ಪಟ್ಟಿಯ ಮೇಲೆ ನಿಂತ. ಆಮೇಲೆ ಆ ಕೊನೆಯವರಿಗೆ ಕೈಯೆತ್ತಿ ಕೂಗಿದ.

"ಮಂಚ ಎಲ್ಲಾ ವಾಪಸ್ ತಗೊಂಡು ಹೋಗಿ!"